ವಿಕಿಪೀಡಿಯ ಬರೆಯುವವರ ಮೇಲಿನ ಸಂಶೋಧನೆ: ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಕೂಡುತ್ತದಾ?

ಶರಾವತಿ_ಹಿನ್ನೀರು

ಎಲ್ಲರಿಗೂ ನಮಸ್ಕಾರ. ನಾನು ಶಂಕರಘಟ್ಟದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಊರು ತುಮರಿ ಹತ್ತಿರ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಕನ್ನಡ ವಿಕಿಪೀಡಿಯ ಬರೆಯುವವರ ವಿಷಯ ತಗೊಂಡಿದ್ದೇನೆ. ಯಾರು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ. ಗೈಡ್ ಒಪ್ಪಿದ್ದಾರೆ. ಆದರೆ ಮೊದಲು ಹಳೆಯ ಅಧ್ಯಯನಗಳನ್ನು ಓದು, ಒಂದು ಊಹೆ ಹಿಡಿದುಕೊಂಡು ಬಾ ಎಂದಿದ್ದಾರೆ.

ಯಾವುದನ್ನು ಓದಿದರೂ ಒಂದು ಅಧ್ಯಯನದ ಹೆಸರು ಬಂದೇ ಬರುತ್ತದೆ. 2013ರಲ್ಲಿ ಆರನ್ ಹಾಫೇಕರ್ ಮತ್ತು ಮೂವರು ಸಂಗಡಿಗರು ಮಾಡಿದ್ದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳಿಗೆ ಐದಾದರೂ ತಿದ್ದುಪಡಿ ಮಾಡುವವರ ಸಂಖ್ಯೆ 2007ರವರೆಗೆ ಏರುತ್ತಲೇ ಹೋಯಿತು. ಆಗ ಸುಮಾರು 51 ಸಾವಿರ ಜನ ಇದ್ದರು. 2013ರ ಹೊತ್ತಿಗೆ 31 ಸಾವಿರದ ಆಸುಪಾಸಿಗೆ ಇಳಿದಿತ್ತು. ಯಾಕೆ? ಕಿಡಿಗೇಡಿಗಳ ಕಾಟ ತಡೆಯಲು ಬಾಟ್‌ಗಳು, ಅಂದರೆ ತಾವಾಗಿ ತಿದ್ದುವ ಪ್ರೋಗ್ರಾಂಗಳು, ಬಂದವು, ಒಂದು ಕ್ಲಿಕ್ಕಿಗೆ ಬರಹ ಅಳಿಸುವ ಉಪಕರಣಗಳು ಬಂದವು. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರು ಬರೆದದ್ದೂ ಅದರ ಜೊತೆಗೇ ಅಳಿಸಿಹೋಯಿತು. ನಿಯಮಗಳು ಗಟ್ಟಿಯಾದವು. ಹೊಸಬರ ಮಾತಿಗೆ ನಿಯಮ ಬದಲಾಗುವುದು ನಿಂತಿತು. ಬಂದವರು ಬಂದ ದಾರಿಯಲ್ಲೇ ಹೋದರು.

ಇದೇ ಊಹೆಯನ್ನು ಕನ್ನಡಕ್ಕೂ ಇಟ್ಟುಕೊಳ್ಳಬಹುದಾ? ಇಲ್ಲಿ ಬರೆದವರು, ಬರೆದು ಬಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮೈಲುತುತ್ತ

ಸಂಬಳ ಇಲ್ಲದೆ ಬರೆಯುವವರ ಮೇಲೆ ಸ್ಕಾಲರ್‌ಶಿಪ್ ತಗೊಂಡು ಸಂಶೋಧನೆ! ತಮಾಷೆಗೆ ಹೇಳಿದೆ ಮಾರಾಯ್ರೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಅದಕ್ಕಿಂತ ಮೊದಲಿನ ಪ್ರಶ್ನೆ. ದಾರಿಯಲ್ಲಿ ಹೋಗುವವರೆಲ್ಲ ತಿದ್ದಬಹುದಾದ ವಿಶ್ವಕೋಶವನ್ನು ನಂಬುವುದು ಹೇಗೆ? ನಂಬಲು ಆಗದಿದ್ದರೆ ಯಾರು ಬರೆದರೆ ಎಂತ?

ಗಾಂಧಿಬಜಾರ್_ಹುಡುಗ

@ಮೈಲುತುತ್ತ, ಈ ಪ್ರಶ್ನೆ ನಿಮಗಿಂತ ಮೊದಲೇ ಕೇಳಿ ಆಗಿದೆ ಸರ್. 2005ರಲ್ಲಿ 'ನೇಚರ್' ಪತ್ರಿಕೆ ವಿಜ್ಞಾನದ 42 ವಿಷಯ ಆರಿಸಿತು. ವಿಕಿಪೀಡಿಯ ಮತ್ತು ಬ್ರಿಟಾನಿಕಾ ಎರಡರ ಲೇಖನಗಳನ್ನೂ ಯಾವುದು ಎಲ್ಲಿಯದು ಎಂದು ಹೇಳದೆ ತಜ್ಞರಿಗೆ ಕೊಟ್ಟಿತು. ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ದೊಡ್ಡ ತಪ್ಪುಗಳು ಎರಡರಲ್ಲೂ ತಲಾ ನಾಲ್ಕು. ಬ್ರಿಟಾನಿಕಾದವರು ಸಿಟ್ಟಾಗಿ ಮರುವರ್ಷ ಉದ್ದನೆಯ ಉತ್ತರ ಬರೆದರು. ನೇಚರ್ ತನ್ನ ವರದಿ ವಾಪಸ್ ತಗೊಳ್ಳಲಿಲ್ಲ.

ಅದೇ ವರ್ಷ ಇನ್ನೊಂದು ಕಥೆಯೂ ಆಯಿತು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥೇಲರ್ ಪುಟದಲ್ಲಿ ಯಾರೋ ಅವರನ್ನು ಕೆನಡಿ ಕೊಲೆಯ ಜೊತೆ ಸೇರಿಸಿ ಹಸಿ ಸುಳ್ಳು ಬರೆದಿದ್ದರು. ಅದು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಇತ್ತು. ಅಂದರೆ ಎಷ್ಟು ನಂಬಬಹುದು ಅನ್ನುವುದು ಆ ಪುಟದ ಮೇಲೆ ಎಷ್ಟು ಕಣ್ಣಿದೆ ಅನ್ನುವುದರ ಮೇಲೆ ನಿಂತಿದೆ.

ಸಂಶೋಧಕರು ಇದರ ಹಿಂದೆ ಬೀಳುವುದಕ್ಕೆ ನನ್ನಂಥ ಕಂಪ್ಯೂಟರ್ ಜನರಿಗೆ ಕಾಣುವ ಕಾರಣ ಬೇರೆ. ಎಲ್ಲವೂ ತೆರೆದಿದೆ. ಮೊದಲ ದಿನದಿಂದ ಇವತ್ತಿನವರೆಗೆ ಯಾರು ಯಾವ ನಿಮಿಷದಲ್ಲಿ ಯಾವ ಅಕ್ಷರ ಸೇರಿಸಿದರು, ಯಾವುದು ತೆಗೆದರು, ಪೂರ್ತಿ ಇತಿಹಾಸ ಡೌನ್‌ಲೋಡ್ ಮಾಡಿಕೊಳ್ಳಬಹುದು. ಫೇಸ್‌ಬುಕ್ ಇದನ್ನು ಕೊಡುತ್ತದಾ?

ಆಗುಂಬೆ_ಮಳೆ

ನಾನು ತೀರ್ಥಹಳ್ಳಿ ಕಡೆಯವನು. ಹೈಸ್ಕೂಲ್ ಮೇಷ್ಟ್ರಾಗಿದ್ದೆ, ಈಗ ನಿವೃತ್ತಿ. ಕನ್ನಡ ವಿಕಿಪೀಡಿಯದಲ್ಲಿ ಬಹಳ ಕಾಲದಿಂದ ಬರೆಯುತ್ತಿದ್ದೇನೆ. ಹಾಫೇಕರ್ ಊಹೆ ಇಲ್ಲಿಗೆ ಹೊಂದುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ ಲೇಖನಗಳು 30 ಸಾವಿರ ದಾಟಿವೆ. ಇಂಗ್ಲಿಷಿನದು 2025ರಲ್ಲಿ 70 ಲಕ್ಷ ಮುಟ್ಟಿತು. ಅಷ್ಟು ದೊಡ್ಡ ಜಾಗದಲ್ಲಿ ಕಾವಲು ಬೇಕು, ಕಾವಲಿನವರು ಒರಟಾಗುತ್ತಾರೆ, ಸರಿ. ಇಲ್ಲಿ ಅಂಥ ಕಾವಲೇ ಇಲ್ಲ. ಒಬ್ಬ ಹೊಸಬ ಬಂದು ಹಿರೇಭಾಸ್ಕರ ಅಣೆಕಟ್ಟಿನ ಬಗ್ಗೆ ನಾಲ್ಕು ಸಾಲು ಬರೆದ ಎಂದುಕೊಳ್ಳಿ. ಯಾರೂ ಅಳಿಸುವುದಿಲ್ಲ. ಯಾರೂ ತಿದ್ದುವುದೂ ಇಲ್ಲ. ಚರ್ಚೆ ಪುಟ ವರ್ಷಗಟ್ಟಲೆ ಖಾಲಿ. ಖಾತೆ ತೆರೆದ ದಿನ ಒಂದು ಸ್ವಾಗತದ ಸಂದೇಶ ಬರುತ್ತದೆ, ಎಲ್ಲರಿಗೂ ಅದೇ ಸಂದೇಶ. ಆಮೇಲೆ ಮೌನ. ಸಮುದಾಯದ ಮಾತುಕತೆಗೆ ಅರಳಿಕಟ್ಟೆ ಎಂಬ ಪುಟ ಇದೆ. ಅಲ್ಲಿ ಹೆಚ್ಚಾಗಿ ಕಾಣುವುದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನಿಂದ ಇಂಗ್ಲಿಷಿನಲ್ಲಿ ಬಂದ ಪ್ರಕಟಣೆಗಳು.

ಹಾಗಾಗಿ ಹಾಫೇಕರ್ ಬದಲು ಇನ್ನೊಂದು ಅಧ್ಯಯನ ಓದಿ ನೋಡಿ. ಶಿಯಾಚುವಾನ್ ಝಾಂಗ್ ಮತ್ತು ಫೆಂಗ್ ಝು ಎಂಬವರದು, 2011ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ'ನಲ್ಲಿ ಬಂತು. 2005ರ ಅಕ್ಟೋಬರಿನಲ್ಲಿ ಚೀನಾ ಸರ್ಕಾರ ಚೀನೀ ವಿಕಿಪೀಡಿಯಕ್ಕೆ ತಡೆ ಹಾಕಿತು. ತೈವಾನ್, ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಇದ್ದವರಿಗೆ ಏನೂ ಅಡ್ಡಿ ಇರಲಿಲ್ಲ. ಹಿಂದಿನಂತೆಯೇ ಬರೆಯಬಹುದಿತ್ತು. ಆದರೂ ಅವರ ಬರವಣಿಗೆ ಸರಾಸರಿ 42.8% ಇಳಿಯಿತು. ಯಾರೂ ಅವರನ್ನು ಬಯ್ಯಲಿಲ್ಲ, ಅಳಿಸಲಿಲ್ಲ. ಓದುವ ಜನ ಹೋದರು, ಅಷ್ಟೇ. ಚರ್ಚೆ ಪುಟದಲ್ಲಿ ಜಾಸ್ತಿ ಮಾತಾಡುತ್ತಿದ್ದವರ ಬರವಣಿಗೆ ಇನ್ನೂ ಜಾಸ್ತಿ ಇಳಿಯಿತು.

ನಮ್ಮ ಕಡೆ ರಾತ್ರಿ ಅಡಿಕೆ ಸುಲಿಯುವಾಗ ಸುತ್ತ ಹತ್ತು ಜನ ಕೂತು ಮಾತಾಡುತ್ತಿದ್ದರೆ ಕೈ ತಾನಾಗಿ ಓಡುತ್ತದೆ. ಒಬ್ಬರೇ ಕೂತರೆ ಒಂಬತ್ತಕ್ಕೇ ನಿದ್ದೆ. ಅದೇ ಇದು.

ಮೈಲುತುತ್ತ

ಈಗ ಸುಲಿಯುವುದಕ್ಕೆ ಮೆಷಿನ್ ಬಂದಿದೆ ಮೇಷ್ಟ್ರೇ. ಅದು ಬಿಡಿ, ರಾಶಿ ಇಡಿ ಧಾರಣೆ ಮೊನ್ನೆಯಿಂದ...

ವೇದಿಕೆ_ಮೇಲ್ವಿಚಾರಕ

ಅಡಿಕೆ ಧಾರಣೆಗೆ ಬೇರೆ ಎಳೆ ಇದೆ. ಇಲ್ಲಿ ಬೇಡ.

ಶರಾವತಿ_ಹಿನ್ನೀರು

ಮೇಷ್ಟ್ರೇ, ಧನ್ಯವಾದ. ಈ ಅಧ್ಯಯನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅರ್ಥಶಾಸ್ತ್ರದ ಪತ್ರಿಕೆಗಳನ್ನು ನಮ್ಮ ವಿಭಾಗದಲ್ಲಿ ಯಾರೂ ಮುಟ್ಟುವುದಿಲ್ಲ.

ಆದರೆ ಒಂದು ಸಂಶಯ. ಚೀನೀಯರಿಗೆ ಓದುಗರು ಇದ್ದರು, ಒಂದೇ ದಿನ ಹೋದರು. ಕನ್ನಡದಲ್ಲಿ ಹೋಗಲಿಕ್ಕೆ ಮೊದಲು ಇದ್ದರಾ?

ಸಂಖ್ಯೆಪುಸ್ತಕ

ಒಳ್ಳೆಯ ಪ್ರಶ್ನೆ. ನಾನು ಭದ್ರಾವತಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ, ಅದಕ್ಕೇ ಸ್ವಲ್ಪ ಕೊಂಕು ತೆಗೆಯುತ್ತೇನೆ. ಝಾಂಗ್-ಝು ಲೆಕ್ಕಕ್ಕೆ ಬೆಲೆ ಬಂದದ್ದೇ ತಡೆ ಒಮ್ಮೆಗೇ ಬಿದ್ದದ್ದರಿಂದ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂದು ಗೆರೆ ಎಳೆಯಬಹುದು. ನಿಮಗೆ ಅಂಥ ಗೆರೆ ಸಿಗುವುದಿಲ್ಲ. ಊಹೆ ಇಟ್ಟುಕೊಳ್ಳಿ, ಆದರೆ ಇಷ್ಟು ಶೇಕಡಾ ಎಂದು ಸಾಧಿಸಲು ಹೋಗಬೇಡಿ.

ಅದಕ್ಕೂ ಮೊದಲು 'ಬರೆಯುವವರು' ಎಂದರೆ ಯಾರು ಎಂದು ತೀರ್ಮಾನ ಮಾಡಿಕೊಳ್ಳಿ. ಇಲ್ಲೇ ಎಷ್ಟೋ ಜನ ಜಗಳ ಆಡಿದ್ದಾರೆ. ವಿಕಿಪೀಡಿಯ ಕಟ್ಟಿದವರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಅರ್ಧಕ್ಕಿಂತ ಜಾಸ್ತಿ ತಿದ್ದುಪಡಿಗಳನ್ನು ಮಾಡುವುದು 0.7% ಬಳಕೆದಾರರು, ಅಂದರೆ ಐನೂರು ಚಿಲ್ಲರೆ ಜನ ಎಂದು ಹೇಳುತ್ತಿದ್ದರು. 2006ರಲ್ಲಿ ಆರನ್ ಸ್ವಾರ್ಟ್ಜ್ ಎಂಬ ಅಮೆರಿಕದ ಪ್ರೋಗ್ರಾಮರ್ ಆ ಲೆಕ್ಕವನ್ನೇ ಕೆದಕಿದ. ತಿದ್ದುಪಡಿ ಎಣಿಸುವ ಬದಲು, ಈಗ ಪುಟದಲ್ಲಿ ಉಳಿದಿರುವ ಅಕ್ಷರಗಳನ್ನು ಯಾರು ಬರೆದದ್ದು ಎಂದು ನೋಡಿದ. ಚಿತ್ರ ತಿರುಗಿತು. ಹೂರಣ ತಂದವರು ಬಹುಪಾಲು ಅಪರೂಪಕ್ಕೆ ಬಂದು ಹೋದವರು. ಖಾಯಂ ಜನ ಅಲ್ಪವಿರಾಮ, ವರ್ಗ, ಕೊಂಡಿ ಸರಿ ಮಾಡುತ್ತಿದ್ದರು. ಮರುವರ್ಷ ಮಿನೆಸೊಟಾದ ತಂಡವೊಂದು ಇನ್ನೊಂದು ಅಳತೆ ಹಿಡಿಯಿತು. ಬರೆದ ಪದವನ್ನು ಎಷ್ಟು ಜನ ಓದಿದರು ಎಂಬುದೇ ಆ ಪದದ ಬೆಲೆ. ಹಾಗೆ ಎಣಿಸಿದರೆ 0.1% ಜನ ಹತ್ತಿರ ಹತ್ತಿರ ಅರ್ಧ ಬೆಲೆಯನ್ನು ಕೊಟ್ಟಿದ್ದರು. ವಿಶ್ವಕೋಶ ಅದೇ, ಅಳತೆ ಮೂರು, ಉತ್ತರವೂ ಮೂರು.

ಕನ್ನಡದಲ್ಲಿ ಇನ್ನೊಂದು ತೊಡಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ. ಮೊದಲ ಸಂಪುಟ ಬಂದದ್ದು 1969ರಲ್ಲಿ. ಅದು ಮುಕ್ತ ಪರವಾನಗಿಯಲ್ಲಿ ಸಿಕ್ಕಿದ ಮೇಲೆ ಅದರ ಎಷ್ಟೋ ಲೇಖನ ಹಾಗೇ ವಿಕಿಪೀಡಿಯಕ್ಕೆ ಬಂದಿವೆ. ಒಳ್ಳೆಯದೇ. ಆದರೆ ಬೈಟ್ ಎಣಿಸಿ 'ದೊಡ್ಡ ಬರಹಗಾರರ' ಪಟ್ಟಿ ಮಾಡಿದರೆ, ಪ್ರಾಧ್ಯಾಪಕರು ಬರೆದದ್ದನ್ನು ತಂದು ಹಾಕಿದ ಪುಣ್ಯಾತ್ಮನೇ ಮೇಲೆ ಬರುತ್ತಾನೆ. ಗೂಗಲ್ ಕಂಪನಿ 2009-10ರ ಸುಮಾರಿಗೆ ಭಾರತೀಯ ಭಾಷೆಗಳಿಗೆ ದುಡ್ಡು ಕೊಟ್ಟು ಅನುವಾದ ಮಾಡಿಸಿತ್ತು. ಕನ್ನಡವೂ ಅದರಲ್ಲಿತ್ತು. ಆ ಲೇಖನಗಳೂ ರಾಶಿ ರಾಶಿ ಇವೆ. ಅವನ್ನು ಸ್ವಯಂಸೇವಕರ ಲೆಕ್ಕಕ್ಕೆ ಸೇರಿಸುತ್ತೀರಾ?

ಗಾಂಧಿಬಜಾರ್_ಹುಡುಗ

ಕಾಲೇಜಿನ ರಾಶಿಯನ್ನು ಮರೆತಿರಿ ಸರ್. ನನ್ನ ತಂಗಿ ಓದಿದ ಒಂದು ಕಾಲೇಜಿನಲ್ಲಿ ಇಂಟರ್ನಲ್ ಮಾರ್ಕ್ಸಿಗೆ ತಲಾ ಒಂದು ವಿಕಿಪೀಡಿಯ ಲೇಖನ ಬರೆಯಿರಿ ಎಂದರು. ಇಡೀ ಕ್ಲಾಸು ಗೈಡ್ ಪುಸ್ತಕ ನೋಡಿ ಟೈಪ್ ಮಾಡಿತು. ಮಾರ್ಕ್ಸ್ ಬಂತು. ಮುಂದಿನ ಸೆಮಿಸ್ಟರಿಗೆ ಒಬ್ಬರೂ ಲಾಗಿನ್ ಆಗಲಿಲ್ಲ. ಗ್ರಾಫಿನಲ್ಲಿ ನೋಡಿದರೆ ಆ ತಿಂಗಳು ಕನ್ನಡ ವಿಕಿಪೀಡಿಯಕ್ಕೆ ಹಬ್ಬ!

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. 2011ರಲ್ಲಿ ವಿಕಿಮೀಡಿಯ ಫೌಂಡೇಶನ್ ಪುಣೆಯ ಕಾಲೇಜುಗಳಲ್ಲಿ ಇಂಥದ್ದೇ ದೊಡ್ಡ ಪ್ರಯೋಗ ಮಾಡಿತು. ವಿದ್ಯಾರ್ಥಿಗಳು ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದರು. ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಅದನ್ನು ಗುಡಿಸಿ ಗುಡಿಸಿ ಸುಸ್ತಾದರು. ಕೊನೆಗೆ ಅದೇ ವರ್ಷ ನಿಲ್ಲಿಸಬೇಕಾಯಿತು.

ಹಸೆಗೋಡೆ

ತಂಗಿ, ಬಿಟ್ಟು ಹೋದವರ ಮಾತು ಕೇಳಿದೆ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಸಾಗರದ ಹತ್ತಿರದವಳು. ನಮ್ಮ ದೀವರ ಮನೆಗಳ ಹಸೆ ಚಿತ್ತಾರದ ಬಗ್ಗೆ ಬರೆಯಲು ಹೋಗಿದ್ದೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಅಕ್ಕಿ ಕರಕಲು ಮಾಡಿ ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಯಾವ ಎಳೆ ಎಲ್ಲಿ ಶುರು, ಎಷ್ಟು ಎಳೆಗೆ ಏನು ಹೆಸರು, ಮದುವೆಗೆ ಯಾವುದು, ಭೂಮಿ ಹುಣ್ಣಿಮೆಯ ಬುಟ್ಟಿಗೆ ಯಾವುದು, ಎಲ್ಲ ನಮ್ಮ ಅತ್ತೆಗೆ ಬಾಯಲ್ಲೇ ಇದೆ. ಬರೆದು ಹಾಕಿದೆ. 'ಉಲ್ಲೇಖ ಬೇಕು' ಎಂಬ ಪಟ್ಟಿ ಬಂತು. ಉಲ್ಲೇಖ ನಮ್ಮ ಅತ್ತೆ! ಅದನ್ನು ಹೇಗೆ ಹಾಕುವುದು?

ಅಳಿಸಲಿಲ್ಲ, ನಿಜ. ಬಯ್ಯಲಿಲ್ಲ. ಆದರೆ ಪಟ್ಟಿ ಅಲ್ಲೇ ಕೂತಿದೆ. ಮುಂದೆ ಬರೆಯುವ ಮನಸ್ಸು ಹೋಯಿತು.

ಆಗುಂಬೆ_ಮಳೆ

ಅಕ್ಕಾ, ಆ ಪಟ್ಟಿ ಹಾಕಿದವರ ಮೇಲೆ ಸಿಟ್ಟು ಬೇಡ. ನಿಯಮವೇ ಹಾಗಿದೆ. ಅಚ್ಚಾದ, ನಂಬಬಹುದಾದ ಮೂಲ ಬೇಕು, ಸ್ವಂತ ಸಂಶೋಧನೆ ಸಲ್ಲದು. ಸೀಗೆಂಥೇಲರ್ ಕಥೆ ಮೇಲೆ ಬಂತಲ್ಲ, ಅಂಥದ್ದನ್ನು ತಡೆಯುವುದಕ್ಕೆ ಇಂಥ ನಿಯಮ ಬೇಕೇ ಬೇಕು. ಆದರೆ ಅಚ್ಚಿನಲ್ಲಿ ಜಾಸ್ತಿ ಇರುವ ಸಮಾಜಗಳಿಗೆ ಅದು ಸಲೀಸು. ನಮಗೆ ಕಷ್ಟ.

ಇದರ ಬಗ್ಗೆಯೂ ಕೆಲಸ ಆಗಿದೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಮತ್ತು ಸಂಗಡಿಗರು ಬಾಯಿಮಾತಿನ ಉಲ್ಲೇಖದ ಒಂದು ಪ್ರಯೋಗ ಮಾಡಿದರು. ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆ. ಊರಿನ ಆಟ, ಅಡುಗೆ, ಆಚರಣೆ ತಿಳಿದವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯನ್ನೇ ಉಲ್ಲೇಖವಾಗಿ ಕೊಟ್ಟರು. ದೊಡ್ಡ ಚರ್ಚೆಯಾಯಿತು. ಒಪ್ಪದವರೇ ಜಾಸ್ತಿ. ನನಗೆ ಅವರ ವಾದ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಒಂದು ಮನೆಯ ಅತ್ತೆ ಹೇಳಿದ್ದನ್ನು ಪಕ್ಕದ ಮನೆಯ ಅತ್ತೆ ಒಪ್ಪುತ್ತಾರಾ, ನೀವೇ ಹೇಳಿ.

ಹಸೆಗೋಡೆ

ಒಪ್ಪುವುದಿಲ್ಲ 😄 ಅದು ನಿಜ. ಆದರೆ ಮೂರು ಮನೆಯ ಅತ್ತೆಯರನ್ನು ಕೇಳಿ ಮೂರನ್ನೂ ಬರೆಯಬಹುದಲ್ಲ ಮೇಷ್ಟ್ರೇ? ಪುಸ್ತಕ ಬರೆದವರೂ ಬಂದು ಕೇಳಿದ್ದು ನಮ್ಮ ಮನೆಯಲ್ಲೇ.

ಶರಾವತಿ_ಹಿನ್ನೀರು

ಅಕ್ಕ, ಇದನ್ನು ನಾನು ಪ್ರಬಂಧದಲ್ಲಿ ತಗೊಳ್ಳಬಹುದಾ? ಹೆಸರು ಹಾಕುವುದಿಲ್ಲ.

ಹೆಂಗಸರ ಲೆಕ್ಕವನ್ನೂ ನೋಡುತ್ತಿದ್ದೆ. 2008ರ ದೊಡ್ಡ ಸಮೀಕ್ಷೆಯಲ್ಲಿ ಬರೆಯುವವರಲ್ಲಿ ಹೆಂಗಸರು 13%ರಷ್ಟು ಎಂದು ಬಂತು. ಆಗ ಫೌಂಡೇಶನ್ನಿನ ಮುಖ್ಯಸ್ಥೆಯಾಗಿದ್ದ ಸೂ ಗಾರ್ಡ್ನರ್ ಅದನ್ನು 2015ರೊಳಗೆ 25%ಕ್ಕೆ ತರಬೇಕು ಎಂದರು. ಆಗಲಿಲ್ಲ. 2018ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದ ದಿನ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ. ಕೆಲವು ತಿಂಗಳ ಹಿಂದೆ ಯಾರೋ ಬರೆದ ಕರಡನ್ನು ಸಾಕಷ್ಟು ಉಲ್ಲೇಖ ಇಲ್ಲವೆಂದು ತಿರಸ್ಕರಿಸಿದ್ದರು.

ನೊಬೆಲ್ ವಿಜ್ಞಾನಿಗೇ ಹೀಗಾದರೆ ಹಸೆ ಬರೆಯುವವರ ಗತಿ ಏನು ಅಂತ.

ಸಂಖ್ಯೆಪುಸ್ತಕ

13% ಎಂದು ಹಾಗೇ ಬರೆಯಬೇಡಿ, ಪರೀಕ್ಷಕರು ಹಿಡಿಯುತ್ತಾರೆ. ಆ ಸಮೀಕ್ಷೆಗೆ ಮನಸ್ಸಿದ್ದವರು ಬಂದು ಉತ್ತರಿಸಿದ್ದರು. ಯಾರು ಉತ್ತರಿಸಲಿಲ್ಲ ಎಂಬ ಲೆಕ್ಕ ಇರಲಿಲ್ಲ. 2013ರಲ್ಲಿ ಬೆಂಜಮಿನ್ ಮಾಕೊ ಹಿಲ್ ಮತ್ತು ಆರನ್ ಶಾ ಅದನ್ನು ಸರಿಪಡಿಸಿ ನೋಡಿದರು. ಅಮೆರಿಕದ ವಯಸ್ಕರಲ್ಲಿ 17.8% ಇದ್ದದ್ದು 22.7% ಆಯಿತು. ಜಗತ್ತಿನ ಮಟ್ಟದಲ್ಲಿ 16.1%. ಏರಿತು, ಆದರೂ ಕಡಿಮೆಯೇ.

ಇದರಲ್ಲಿ ನಿಮಗೊಂದು ಎಚ್ಚರಿಕೆ ಇದೆ. ಕನ್ನಡದ ಬರಹಗಾರರಿಗೆ ಗೂಗಲ್ ಫಾರ್ಮ್ ಕಳಿಸಿದರೆ ಉತ್ತರ ಕೊಡುವವರು ಈಗಲೂ ಇರುವವರು. ನಿಮ್ಮ ಪ್ರಶ್ನೆ ಬಿಟ್ಟು ಹೋದವರ ಬಗ್ಗೆ. ಅವರನ್ನು ಹುಡುಕುವುದೇ ಅರ್ಧ ಸಂಶೋಧನೆ. ಹಳೆಯ ಇತಿಹಾಸ ಪುಟಗಳಿಂದ ಬಳಕೆದಾರರ ಹೆಸರು ತೆಗೆಯಿರಿ. ನಾಲ್ಕು ಸಲ ಬರೆದು ನಿಲ್ಲಿಸಿದವರಿಗೆ ಚರ್ಚೆ ಪುಟದಲ್ಲಿ ಒಂದು ಸಂದೇಶ ಬಿಡಿ. ಇಮೇಲ್ ಸೌಲಭ್ಯ ಇಟ್ಟುಕೊಂಡವರಿಗೆ ಇಮೇಲ್ ಮಾಡಿ. ಹತ್ತು ಜನ ಸಿಕ್ಕರೂ ಸಾಕು.

ಯಾಕೆ ಬರೆಯುತ್ತೀರಿ ಎಂದು ನೇರವಾಗಿ ಕೇಳಿದರೆ ಸಿಗುವ ಉತ್ತರವನ್ನೂ ಪೂರ್ತಿ ನಂಬಬೇಡಿ. ಓಡೆಡ್ ನೋವ್ 2007ರಲ್ಲಿ 151 ಇಂಗ್ಲಿಷ್ ವಿಕಿಪೀಡಿಯನ್ನರನ್ನು ಕೇಳಿದ. ಖುಷಿಗೆ ಎಂಬುದು ಮೊದಲು ಬಂತು, ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ತತ್ವ ಎರಡನೆಯದು. ಆದರೆ ತತ್ವಕ್ಕೂ ನಿಜವಾಗಿ ಎಷ್ಟು ಬರೆದರು ಎಂಬುದಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ನಮ್ಮಲ್ಲಿ 'ಕನ್ನಡದ ಸೇವೆ' ಎಂದು ಎಲ್ಲರೂ ಹೇಳುತ್ತಾರೆ, ನೋಡುತ್ತಿರಿ.

ಮೈಲುತುತ್ತ

ಸೇವೆ ಎನ್ನದೆ ಇನ್ನೆಂತ ಹೇಳಬೇಕು ಸರ್, ನಿದ್ದೆ ಬರುವುದಿಲ್ಲ ಅಂತಲೋ?

ಗಾಂಧಿಬಜಾರ್_ಹುಡುಗ

ನನಗೊಂದು ಐಡಿಯಾ. ಹಿನ್ನೊಸಾರ್ ಮತ್ತು ಸಂಗಡಿಗರ ಪ್ರಯೋಗ ಓದಿದ್ದೀರಾ? ಸ್ಪೇನಿನ ಊರುಗಳ ಪಟ್ಟಿ ಮಾಡಿ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಫ್ರೆಂಚ್, ಜರ್ಮನ್, ಇಟಾಲಿಯನ್, ಡಚ್ ವಿಕಿಪೀಡಿಯಗಳಲ್ಲಿ ಆ ಊರಿನ ಪುಟಕ್ಕೆ ಎರಡು ಪ್ಯಾರಾ ಮತ್ತು ಫೋಟೋ ಸೇರಿಸಿದರು. ಆ ಭಾಷೆಯ ದೇಶಗಳಿಂದ ಬಂದವರು ಆ ಊರುಗಳ ಹೋಟೆಲಿನಲ್ಲಿ ತಂಗಿದ ರಾತ್ರಿಗಳು ಸುಮಾರು 9% ಜಾಸ್ತಿಯಾದವು!

ನಾವೂ ಮಾಡೋಣ. ಕವಲೇದುರ್ಗ, ಇಕ್ಕೇರಿ, ಹುಂಚ, ಕೆಳದಿ, ಬಳ್ಳಿಗಾವಿ. ಅರ್ಧಕ್ಕೆ ಚೆನ್ನಾಗಿ ಬರೆಯುವುದು, ಅರ್ಧವನ್ನು ಹಾಗೇ ಬಿಡುವುದು.

ಮೈಲುತುತ್ತ

ಬೇಡ ಮಾರಾಯಾ! ಇರುವ ಜನವೇ ಸಾಕು. ಕೊಡಚಾದ್ರಿಗೆ ಜೀಪು ಹತ್ತುವುದನ್ನು ನೋಡಿದ್ದೀಯಾ? ಜೋಗದಲ್ಲಿ ಶನಿವಾರ ಕಾರು ನಿಲ್ಲಿಸಲು ಜಾಗ ಇಲ್ಲ. ಪುಟ ಚುಟುಕಾಗಿಯೇ ಇರಲಿ.

ಸಂಖ್ಯೆಪುಸ್ತಕ

ಪ್ರವಾಸಿಗರ ಮಾತು ಬದಿಗಿರಲಿ. ಡಚ್ ವಿಕಿಪೀಡಿಯದಲ್ಲಿ ಅವರು ಸೇರಿಸಿದ್ದರಲ್ಲಿ ಹೆಚ್ಚಿನದನ್ನು ಅಲ್ಲಿನವರು ಕೂಡಲೇ ತೆಗೆದುಹಾಕಿದರು. ಸ್ವಯಂಸೇವಕರ ಮನೆ ಪ್ರಯೋಗಶಾಲೆಯಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ. ಕನ್ನಡದಂಥ ಕಡೆ ಅಂಥ ಪ್ರಯೋಗ ಮಾಡಿದರೆ ನೋಡಿಕೊಳ್ಳಬೇಕಾದವರು ಬೆರಳೆಣಿಕೆಯ ಜನ. ಬೇಡ.

ಆಗುಂಬೆ_ಮಳೆ

ನೋಡಿಕೊಳ್ಳುವವರು ಕಡಿಮೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ನೋಡಿ. ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ಚಿಕ್ಕಂದಿನಿಂದ ಬರೆಯುತ್ತಾ ಹೋಗಿದ್ದ. ಇಂಗ್ಲಿಷಿನ ಕಾಗುಣಿತ ತಿರುಚಿ ಸ್ಕಾಟ್ಸ್ ಎನ್ನುತ್ತಿದ್ದ. 2020ರಲ್ಲಿ ಬಯಲಾಗುವಾಗ ಅಲ್ಲಿನ ಮೂರನೇ ಒಂದು ಭಾಗದಷ್ಟು ಲೇಖನ ಅವನದೇ. ಕೆಟ್ಟ ಉದ್ದೇಶ ಇರಲಿಲ್ಲ. ಅಷ್ಟು ವರ್ಷ 'ಇದು ಸರಿಯಿಲ್ಲ ತಮ್ಮಾ' ಎನ್ನುವವರು ಸಾಕಷ್ಟು ಜನ ಅಲ್ಲಿ ಇರಲಿಲ್ಲ, ಅಷ್ಟೇ.

ಇನ್ನು ಬರೆಯುವವರನ್ನು ಉಳಿಸಿಕೊಳ್ಳುವ ಮಾತು. 2012ರಲ್ಲಿ ರೆಸ್ಟಿವೊ ಮತ್ತು ವಾನ್ ಡೆ ರೈಟ್ ಎಂಬವರು ಅತಿ ಹೆಚ್ಚು ಬರೆಯುವ 1% ಜನರಲ್ಲಿ ಇನ್ನೂರು ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ಮಾತ್ರ ಒಂದು ಬಾರ್ನ್‌ಸ್ಟಾರ್ ಕೊಟ್ಟರು. ಬಾರ್ನ್‌ಸ್ಟಾರ್ ಎಂದರೆ ಬಳಕೆದಾರರ ಪುಟಕ್ಕೆ ಅಂಟಿಸುವ ಒಂದು ನಕ್ಷತ್ರದ ಚಿತ್ರ, ದುಡ್ಡಿಲ್ಲ ಕಾಸಿಲ್ಲ. ಮುಂದಿನ 90 ದಿನ ಅವರು ಉಳಿದವರಿಗಿಂತ 60% ಜಾಸ್ತಿ ಕೆಲಸ ಮಾಡಿದರು. ಯಾನಾ ಗಾಲುಸ್ 2017ರಲ್ಲಿ ಜರ್ಮನ್ ವಿಕಿಪೀಡಿಯದ ಹೊಸಬರಿಗೆ ಇಂಥದ್ದೇ ಮನ್ನಣೆ ಕೊಟ್ಟು ನೋಡಿದಳು. ಉಳಿದುಕೊಂಡವರು 20% ಜಾಸ್ತಿ.

ಪರಿಚಯ ಇಲ್ಲದವರು ಒಂದು ಸಾಲು 'ಚೆನ್ನಾಗಿದೆ' ಎಂದರೆ ನನಗೂ ಆ ವಾರ ಕೈ ಓಡುತ್ತದೆ. ವಯಸ್ಸಾಯಿತು ಎಂದು ಸುಮ್ನೆ ಹೇಳುತ್ತೇವೆ, ಹೊಗಳಿಕೆ ಎಲ್ಲರಿಗೂ ಬೇಕು.

ಮೈಲುತುತ್ತ

ಈಗ ಸ್ವಲ್ಪ ಗಂಭೀರವಾಗಿ. ನೀವೆಲ್ಲ ಬರೆಯುವವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಓದುವವರು ಇಲ್ಲ ಎಂದು ಯಾರು ಹೇಳಿದ್ದು?

2019ರ ಶುರುವಿನಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಬಂತಲ್ಲ, ಆಗ ನಮ್ಮ ಹೊಸನಗರದ ಕಡೆಯೂ ಎಲ್ಲರ ಕೈಯಲ್ಲಿ ಮೊಬೈಲ್. ಕಾಡಿಗೆ ಸೊಪ್ಪಿಗೆ ಹೋಗಬಹುದಾ, ಉಣುಗು ಕಚ್ಚಿದರೆ ಎಷ್ಟು ದಿನಕ್ಕೆ ಜ್ವರ, ಮನುಷ್ಯರಿಂದ ಮನುಷ್ಯರಿಗೆ ಬರುತ್ತದಾ? ನಮ್ಮ ಮನೆಯಲ್ಲೇ ರಾತ್ರಿ ಕೂತು ಹುಡುಕಿದ್ದೇವೆ. ಇಂಗ್ಲಿಷ್ ಓದಲು ಬರುವವರು ಮನೆಗೆ ಒಬ್ಬರು. ಉಳಿದವರಿಗೆ ಕನ್ನಡ ಬೇಕು. ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಕಾಯಿಲೆ. ಜಗತ್ತಿಗೆಲ್ಲ ಅದೇ ಹೆಸರು. ವಾಟ್ಸಾಪಿನಲ್ಲಿ ಬಂದದ್ದು ಬರೀ ಗಾಳಿಸುದ್ದಿ. ಅವತ್ತು ಕನ್ನಡದಲ್ಲಿ ನೆಟ್ಟಗೆ ಬರೆದ ಪುಟ ಒಂದು ಸಿಕ್ಕಿದ್ದರೆ ಬರೆದವರ ಕಾಲು ಮುಟ್ಟುತ್ತಿದ್ದೆ.

ಆದರೆ ಓದಿದವರು ಓದಿದೆವು ಎಂದು ಎಲ್ಲಿ ಹೇಳುವುದು? ಹೇಳಬೇಕು ಎಂದೂ ಯಾರಿಗೂ ಗೊತ್ತಿಲ್ಲ.

ಶರಾವತಿ_ಹಿನ್ನೀರು

ಅಣ್ಣಾ, ನೀವು ಹೇಳಿದ್ದೇ ನನಗೆ ಬೇಕಾಗಿತ್ತು.

2019ರಲ್ಲಿ ಬಂದ ಒಂದು ಅಧ್ಯಯನ ಇದೆ. 14 ಭಾಷೆಗಳ ವಿಕಿಪೀಡಿಯದ ಓದುಗರನ್ನು ಯಾಕೆ ಓದುತ್ತಿದ್ದೀರಿ ಎಂದು ಕೇಳಿದ್ದಾರೆ. ಹಿಂದಿ, ಬಂಗಾಳಿ ಇದ್ದವು, ಕನ್ನಡ ಇರಲಿಲ್ಲ. ಅಷ್ಟು ಮುಂದುವರಿಯದ ದೇಶಗಳ ಓದುಗರು ಪುಟವನ್ನು ಜಾಸ್ತಿ ಆಳವಾಗಿ ಓದುತ್ತಾರೆ ಎಂದು ಅದರಲ್ಲಿ ಬಂತು. ಮುಂದುವರಿದ ದೇಶದವರು ಒಂದು ಇಸವಿ, ಒಂದು ಹೆಸರು ನೋಡಿ ಹೋಗುವುದು ಜಾಸ್ತಿ. ಅಂದರೆ ನಿಮ್ಮ ಮನೆಯವರು ರಾತ್ರಿ ಕೂತು ಹುಡುಕಿದ ಹಾಗೆ ಓದುವವರು ಇದ್ದಾರೆ. ಬರೆಯುವವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಈಗ ನನ್ನ ಊಹೆ ಹೀಗೆ ಇಟ್ಟುಕೊಳ್ಳುತ್ತೇನೆ. ಕನ್ನಡದಲ್ಲಿ ಬರೆಯುವವರು ಬಿಟ್ಟು ಹೋಗುವುದು ತಿರಸ್ಕಾರದಿಂದಲ್ಲ. ತಮ್ಮನ್ನು ಓದುತ್ತಿದ್ದಾರೆ ಎಂಬ ಸುಳಿವೇ ಸಿಗದೆ. ಹಸೆಗೋಡೆ ಅಕ್ಕನ ಪಟ್ಟಿಯೂ ಅದೇ ಅಲ್ವಾ? ಪಟ್ಟಿ ಹಾಕಿದವರು ಒಂದು ಮಾತು ಆಡಿದ್ದರೆ ಅಕ್ಕ ಇರುತ್ತಿದ್ದರೇನೋ.

ಹಸೆಗೋಡೆ

ಇರುತ್ತಿದ್ದೆ. ಮಾತಾಡುವವರು ಇದ್ದರೆ ಪುಸ್ತಕ ಹುಡುಕಿಯೂ ಕೊಡುತ್ತಿದ್ದೆ.

ಗಾಂಧಿಬಜಾರ್_ಹುಡುಗ

ಸುಳಿವು ಸಿಗುತ್ತದೆ, ಯಾರೂ ನೋಡುವುದಿಲ್ಲ. ಪ್ರತಿ ಪುಟವನ್ನೂ ದಿನಕ್ಕೆ ಎಷ್ಟು ಸಲ ತೆರೆದರು ಎಂಬ ಲೆಕ್ಕ 2015ರ ಜುಲೈನಿಂದ ಎಲ್ಲರಿಗೂ ತೆರೆದಿದೆ. ಪುಟದ ಹೆಸರು ಕೊಟ್ಟರೆ ಲೆಕ್ಕ ತೋರಿಸುವ ಉಪಕರಣ ಅಂತರ್ಜಾಲದಲ್ಲೇ ಇದೆ. ಸಂದರ್ಶನದಲ್ಲಿ ಮೊದಲು ಕೇಳು: ನಿಮ್ಮ ಲೇಖನ ತಿಂಗಳಿಗೆ ಎಷ್ಟು ಜನ ಓದುತ್ತಾರೆ ಅಂದುಕೊಂಡಿದ್ದೀರಿ? ಅವರು ಒಂದು ಸಂಖ್ಯೆ ಹೇಳುತ್ತಾರೆ. ಆಮೇಲೆ ಮೊಬೈಲಿನಲ್ಲಿ ನಿಜವಾದ ಲೆಕ್ಕ ತೋರಿಸು. ಮುಖ ನೋಡು.

ಸಂಖ್ಯೆಪುಸ್ತಕ

ಮುಖ ನೋಡುವುದು ದತ್ತಾಂಶ ಅಲ್ಲ, ಆದರೆ ಪ್ರಶ್ನೆ ಚೆನ್ನಾಗಿದೆ. ಇಟ್ಟುಕೊಳ್ಳಿ. ಅವರ ಅಂದಾಜಿಗೂ ನಿಜದ ಲೆಕ್ಕಕ್ಕೂ ಇರುವ ಅಂತರವನ್ನೇ ಬರೆಯಬಹುದು. ಪುಟ ತೆರೆದ ಲೆಕ್ಕದಲ್ಲಿ ಯಂತ್ರಗಳ ಓಡಾಟವೂ ಇರುತ್ತದೆ, 'ಬಳಕೆದಾರ' ಎಂಬ ಆಯ್ಕೆ ಮಾತ್ರ ತಗೊಳ್ಳಿ. ಲೆಕ್ಕ ಎಷ್ಟೋ ಸಲ ಎರಡಂಕಿಯೂ ಇರಬಹುದು. ಕೆಲವರಿಗೆ ತೋರಿಸಿದರೆ ಬೇಜಾರಾಗಬಹುದು, ಅದಕ್ಕೂ ತಯಾರಿರಿ.

ಹೆಸರಿನ ಮಾತು ಒಂದು. ಇಂಗ್ಲಿಷಿನಲ್ಲಿ 'ಒಬ್ಬ ನಿವೃತ್ತ ಶಿಕ್ಷಕ' ಎಂದರೆ ಸಾವಿರ ಜನ. ಕನ್ನಡ ವಿಕಿಪೀಡಿಯದಲ್ಲಿ 'ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು' ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಬಳಕೆದಾರರ ಹೆಸರು ತೆಗೆದರೂ ಸಾಲದು. ಅವರು ಬರೆದ ಒಂದು ವಾಕ್ಯ ಉದ್ಧರಿಸಿದರೆ ಹುಡುಕಿ ಹಿಡಿಯಬಹುದು. ಊರು ಬದಲಿಸಿ, ವೃತ್ತಿ ಸಡಿಲ ಮಾಡಿ, ಬರೆದ ಮೇಲೆ ಅವರಿಗೇ ಓದಲು ಕೊಟ್ಟು ಒಪ್ಪಿಗೆ ತಗೊಳ್ಳಿ.

ಆಗುಂಬೆ_ಮಳೆ

ನನ್ನನ್ನು ಹಿಡಿದುಬಿಟ್ಟಿರಿ ಸಾರ್ 😄 ನನಗೆ ಅಡ್ಡಿಯಿಲ್ಲ. ಎಲ್ಲರಿಗೂ ಹಾಗಿರುವುದಿಲ್ಲ.

ತಂಗಿ, ಅರಳಿಕಟ್ಟೆಯಲ್ಲಿ ಮೊದಲು ಒಂದು ಸೂಚನೆ ಹಾಕು. ಯಾರು, ಯಾವ ವಿಶ್ವವಿದ್ಯಾನಿಲಯ, ಏನು ಕೇಳುತ್ತೀಯ, ಉತ್ತರವನ್ನು ಏನು ಮಾಡುತ್ತೀಯ. ಕನ್ನಡದಲ್ಲೇ ಬರೆ. ಉತ್ತರ ತಡವಾದರೆ ಬೇಸರ ಬೇಡ, ಅಲ್ಲಿಯ ವೇಗವೇ ಅಷ್ಟು. ಕೊನೆಗೆ ಪ್ರಬಂಧದ ಪ್ರತಿಯನ್ನೂ ಅಲ್ಲೇ ಹಾಕು. ನಮ್ಮ ಬಗ್ಗೆ ಬರೆದು ಹೋದವರು ಇದ್ದಾರೆ, ವಾಪಸ್ ಬಂದು ತೋರಿಸಿದವರು ಕಡಿಮೆ.

ಮೈಲುತುತ್ತ

ಮೇಷ್ಟ್ರೇ, ಮಂಗನ ಕಾಯಿಲೆ ಪುಟಕ್ಕೆ ಏನಾದರೂ ಸೇರಿಸಬೇಕೆಂದರೆ ಮೊಬೈಲಿನಿಂದ ಆಗುತ್ತದಾ? ಆರೋಗ್ಯ ಇಲಾಖೆಯ ಹಳೆಯ ಕರಪತ್ರ ಮನೆಯಲ್ಲಿದೆ. ಅದು ಉಲ್ಲೇಖಕ್ಕೆ ನಡೆಯುತ್ತದಾ?

ಆಗುಂಬೆ_ಮಳೆ

ಮೊಬೈಲಿನಿಂದಲೇ ಆಗುತ್ತದೆ. ಕರಪತ್ರದಲ್ಲಿ ಇಲಾಖೆಯ ಹೆಸರು, ಇಸವಿ ಇದ್ದರೆ ನಡೆಯುತ್ತದೆ. ಆದರೆ ಹಳೆಯದಾದರೆ ಲಸಿಕೆಯ ವಿಷಯ ಅದರಿಂದ ತಗೊಳ್ಳಬೇಡಿ, ಆಮೇಲೆ ಬದಲಾಗಿದೆ. ಉಣುಗು, ಕಾಡಿಗೆ ಹೋಗುವಾಗಿನ ಎಚ್ಚರಿಕೆ, ಅಷ್ಟು ಸಾಕು. ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆದು ನನಗೆ ಕೊಂಡಿ ಕಳಿಸಿ, ನೋಡುತ್ತೇನೆ. ಹಸೆಗೋಡೆ ಅಕ್ಕ, ನಿಮ್ಮ ಪುಟದ ಕೊಂಡಿಯನ್ನೂ ಹಾಕಿ. ಸಾಗರದ ಗ್ರಂಥಾಲಯದಲ್ಲಿ ಆ ವಿಷಯದ ಪುಸ್ತಕ ಇದೆಯಾ ಎಂದು ಈ ವಾರ ವಿಚಾರಿಸುತ್ತೇನೆ.